ಲೋಲಾ ಮೇರಾಯ್ ಗಟ್ಟಿ ಅನ್ನಿಸಿಕೊಂಡದ್ದು

ಕಂಬಕ್ಕೆ, ಹಗ್ಗಕ್ಕೆ, ದೋಣಿಯ ಅಡ್ಡಪಟ್ಟಿಗೆ, ಅನ್ನ ಬೇಯಿಸುವ ಪಾತ್ರೆಗೆ ನಾವು ‘ಮರಿಗ್‌-ಒನ್’ ಅನ್ನುತ್ತೇವೆ. ಗಟ್ಟಿ ಅಂತ. ಸಂತೆಯಲ್ಲಿ ಬಿದಿರು ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ನೋಡಿ, ಗಟ್ಟಿಯಿದೆ ಅನ್ನಿಸಿದರೆ ಹೆಗಲಿಗೇರಿಸುತ್ತೇವೆ. ಗಟ್ಟಿ ಅಂದಮೇಲೆ ಅದರ ಮೇಲೆ ಏನನ್ನು ಬೇಕಾದರೂ ಹೇರಬಹುದು. ಮುರಿದ ದಿನ ಒಲೆಗೆ ಹಾಕಬಹುದು. ನಮ್ಮ ಕಡಲಂಚಿನ ಊರು ಕನ್‌ಹಾಂಗಿನ್‌ನಲ್ಲಿ ಮನುಷ್ಯರಿಗೆ ಈ ಮಾತನ್ನು ಯಾರೂ ಅಂದದ್ದಿಲ್ಲ. ಮೊದಲು ಅನ್ನಿಸಿಕೊಂಡವಳು ನಮ್ಮ ಪಕ್ಕದ ಮನೆಯ ಲೋಲಾ ಮೇರಾಯ್. ಅವಳ ಕತೆಯನ್ನು ಈಗ ಊರವರೆಲ್ಲ ನಗುನಗುತ್ತ ಹೇಳುತ್ತಾರೆ. ನನಗೆ ಅದನ್ನು ಹೇಳುವಾಗ ನಗು ಬರುವುದಿಲ್ಲ.

ಬಾಲ್ದೊಮೇರಾ ಅಂತ ಅವಳ ಪೂರ್ತಿ ಹೆಸರು. ಹೆರದಿದ್ದರೂ ಇಡೀ ಊರಿಗೆ ಅಜ್ಜಿಯಾದವಳು, ಹಾಗಾಗಿ ಲೋಲಾ. ಗಂಡ ಕ್ರಿಸ್ಪುಲೋ ಬೆಳಗ್ಗೆ ಕಡಲಿಗೆ ಹೋಗಿ ಸಣ್ಣ ಮೀನು ತರುತ್ತಿದ್ದ, ಇವಳು ಅದಕ್ಕೆ ಉಪ್ಪು ಬೆರೆಸಿ ಮಣ್ಣಿನ ಜಾಡಿಗಳಲ್ಲಿ ಕೊಳೆಹಾಕಿ ಗಿನಾಮೋಸ್ ಮಾಡುತ್ತಿದ್ದಳು. ಪಟ್ಟಣದಿಂದ ಬಂದವರು ಅವಳ ಮನೆ ಮುಂದೆ ಹಾಯುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಆ ವಾಸನೆ ಮೂಗಿಗೆ ಬಿದ್ದರೆ ಬಿಸಿ ಅನ್ನ ನೆನಪಾಗುತ್ತದೆ. ನಾರುವುದು ಯಾವುದು, ನಾರದೇ ಇರುವುದು ಯಾವುದು ಅನ್ನುವುದರಲ್ಲಿ ನಮಗೂ ಪಟ್ಟಣದವರಿಗೂ ಹಿಂದಿನಿಂದಲೂ ಹೊಂದಿಕೆಯಿಲ್ಲ.

ಕ್ರಿಸ್ಪುಲೋ ಕೆಮ್ಮಿ ಕೆಮ್ಮಿ ತೀರಿಕೊಂಡ. ಆಮೇಲೆ ಇವಳ ತಂಗಿ ಪೆಟ್ರಾ ಬಂದು ಜೊತೆಗೇ ಉಳಿದಳು. ಅವಳೂ ಗಂಡ ಸತ್ತವಳೇ. ಇಬ್ಬರೂ ಮುದುಕಿಯರು ಒಂದೇ ಚಾಪೆಯ ಮೇಲೆ ಕೂತು ಮೀನು ಆರಿಸುತ್ತ, ಊರಿನವರನ್ನೆಲ್ಲ ಒಬ್ಬೊಬ್ಬರಾಗಿ ಎಳೆತಂದು ಆಡಿಕೊಳ್ಳುತ್ತ, ಸಂಜೆಗೊಂದು ಲೋಟ ತೆಂಗಿನ ಹೆಂಡವನ್ನು ಇಬ್ಬರೂ ಹಂಚಿಕೊಳ್ಳುತ್ತ ಸುಖವಾಗಿಯೇ ಇದ್ದರು. ಪೆಟ್ರಾಳ ಕೈ ಹಿಡಿತ ಎಂಥದ್ದೆಂದರೆ, ಗಂಡಸರಿಗೆ ಬಿಚ್ಚಲಾಗದ ಜಾಡಿಯ ಮುಚ್ಚಳವನ್ನು ಅವಳ ಹತ್ತಿರ ಒಯ್ಯುತ್ತಿದ್ದರು.

ಆಮೇಲೆ ಆ ದೊಡ್ಡ ಗಾಳಿ ಬಂತು. ಕಡಲು ಎದ್ದು ನಿಂತು ನಡೆದುಕೊಂಡು ಊರೊಳಗೆ ಬಂತು. ನೀರು ಇಳಿದಾಗ ಲೋಲಾ ಮೇರಾಯ್ ಒಂದು ತೆಂಗಿನ ಮರಕ್ಕೆ ಅಂಟಿಕೊಂಡಿದ್ದಳು, ಮೈಮೇಲೆ ಬಟ್ಟೆಯಿರಲಿಲ್ಲ, ಉಸಿರಿತ್ತು. ನೋಡಿದವರು ಅವಳು ಮರವನ್ನು ಅಪ್ಪಿಕೊಂಡೇ ಇದ್ದಳು, ಕಡಲಿಗೇ ಬಗ್ಗಲಿಲ್ಲ ಅಂದರು. ಮುಂದೆ ಬಂದದ್ದೆಲ್ಲ ಈ ಮಾತಿನಿಂದ ಬಂದದ್ದು.

ಇಂದಾಯ್ ಅಂತ ಕರೆಯುತ್ತಿದ್ದ ನನಗೆ ಮಾತ್ರ ಅವಳು ಬೇರೆ ಮಾತು ಹೇಳಿದ್ದಳು. “ನಾನೆಲ್ಲಿ ಹಿಡ್ಕೊಂಡಿದ್ದೆ ಇಂದಾಯ್? ಯಾರದೋ ಹರಿದ ಬಲೆ ಬಂದು ನನ್ನನ್ನೂ ಮರಾನೂ ಸೇರಿಸಿ ಸುತ್ಕೊಂಡ್ತು. ಬಿಡಿಸ್ಕೊಂಡು ಹೋಗೋಣ ಅಂತ ಒದ್ದಾಡಿದೆ, ಆಗ್ಲಿಲ್ಲ. ಹಿಡ್ಕೊಂಡಿದ್ದವಳು ಪೆಟ್ರಾ. ಪಕ್ಕದ ಮರ ಹಿಡ್ಕೊಂಡಿದ್ಳು, ಗಟ್ಟಿಯಾಗಿ. ಮರಾನೇ ಹೋಯ್ತು.”

ಪೆಟ್ರಾ ಸಿಗಲಿಲ್ಲ. ಲೋಲಾ ಅಳಲೂ ಇಲ್ಲ. ಅಳದಿದ್ದುದನ್ನೂ ಊರವರು ಅವಳ ಗಟ್ಟಿತನದ ಲೆಕ್ಕಕ್ಕೇ ಸೇರಿಸಿಕೊಂಡರು.

ಗಾಳಿಯಲ್ಲಿ ಊರಿನ ಮನೆಗಳ ಜೊತೆ ಕಕ್ಕಸುಗಳೂ ಕೊಚ್ಚಿಹೋದವು. ಮನೆಗಳನ್ನು ತಗಡು, ತಾಡಪಾಲು, ತೇಲಿಬಂದ ಹಲಗೆ ಜೋಡಿಸಿ ಹೇಗೋ ಎಬ್ಬಿಸಿಕೊಂಡೆವು. ಕಕ್ಕಸಿಗೆ ಅಂತ ಯಾರೋ ಪುಣ್ಯಾತ್ಮರು ಬಂದು ದಂಡೆಯ ತುದಿಯಲ್ಲಿ ತಗಡಿನ ಗೂಡುಗಳನ್ನು ನಿಲ್ಲಿಸಿ, ನೆಲದಲ್ಲಿ ತೂತು ಕೊರೆದು, ಫೋಟೋ ತೆಗೆಸಿಕೊಂಡು ಹೋದರು. ಗುಂಡಿ ತುಂಬಿದರೆ ಬಳಿಯುವವರು ಯಾರು ಅಂತ ಯಾರೂ ಕೇಳಿರಲಿಲ್ಲ. ಅದು ತುಂಬಿತು. ಕಡಲಿನ ಭರತ ಬಂದಾಗ ಒಳಗಿದ್ದುದು ಹೊರಗೆ ಬಂದು, ಇಳಿತದಲ್ಲಿ ಮರಳ ಮೇಲೆ ಪದರಪದರವಾಗಿ ಕೂರುತ್ತಿತ್ತು. ಹಸಿರು ನೊಣಗಳು ಬಾಗಿಲಿನ ತುಂಬ ಪರದೆಯಂತೆ ಕಟ್ಟಿಕೊಂಡಿರುತ್ತಿದ್ದವು. ಏಡಿಗಳು ಆ ತೂತಿನಿಂದ ಹತ್ತಿಬಂದು ಹಲಗೆಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದವು. ಆ ವರ್ಷವಿಡೀ ನಾನು ಏಡಿ ತಿನ್ನಲಿಲ್ಲ.

ನಮ್ಮಂಥವರು ಮೂಗು ಹಿಡಿದು, ಕಣ್ಣು ಮುಚ್ಚಿ, ಕೂತು ಎದ್ದು ಬರುತ್ತಿದ್ದೆವು. ಲೋಲಾಗೆ ಕೂರುವುದಕ್ಕೇ ಆಗುತ್ತಿರಲಿಲ್ಲ. ಆ ಮರಕ್ಕೆ ಬಲೆ ಬಿಗಿದಾಗ ಅವಳ ಮೊಣಕಾಲುಗಳು ತಿರುಚಿದ್ದವು, ಮಡಚಿದರೆ ಬಿಡಿಸಲು ಇನ್ನೊಬ್ಬರು ಬೇಕು. ಒಂದು ದಿನ ಆ ಗೂಡಿನೊಳಗೆ ಕುಕ್ಕರುಗಾಲಲ್ಲಿ ಕೂತವಳು ಏಳಲಾರದೆ, ಕೊನೆಗೆ ಎರಡೂ ಕೈಯನ್ನು ಆ ಹಲಗೆಯ ಮೇಲೆ ಊರಿ ಎದ್ದಳಂತೆ. ಮನೆಗೆ ಬಂದು ಉಪ್ಪಿನಿಂದ ಕೈ ತಿಕ್ಕಿದಳು. ಮತ್ತೆ ತಿಕ್ಕಿದಳು. ಆ ವಾರ ಜಾಡಿಯೊಳಗೆ ಕೈ ಹಾಕಲಿಲ್ಲ, ಮೀನೆಲ್ಲ ಕೆಟ್ಟುಹೋಯಿತು.

ಅಲ್ಲಿಂದ ಅವಳು ನೀರು ಕುಡಿಯುವುದನ್ನು ಬಿಟ್ಟಳು. ಒಂದು ಗುಟುಕು ಬೆಳಗ್ಗೆ, ಒಂದು ಗುಟುಕು ಸಂಜೆ. ಅನ್ನವನ್ನೂ ಬೆರಳ ತುದಿಯಲ್ಲಿ ಎತ್ತಿ ತಿನ್ನುವಳು. ತುಟಿ ಒಣಗಿ ಬಿರಿದವು, ಉಚ್ಚೆ ಹೊಯ್ಯುವಾಗ ಉರಿಯೆಂದು ಹಲ್ಲು ಕಚ್ಚುವಳು. ನಾನು ಬೈದರೆ, ಒಳಗೆ ಹಾಕಿದರೆ ತಾನೇ ಹೊರಗೆ ಬರೋದು ಅಂತ ನಗುವಳು. ಅವಳಿಗೆ ಆ ವಯಸ್ಸಿನಲ್ಲಿ ಬೇಕಾಗಿದ್ದುದು ಇಷ್ಟೇ. ಮನೆ ಹತ್ತಿರ, ಕುರ್ಚಿಯ ಹಾಗೆ ಕೂರುವ ಒಂದು ಕಮೋಡು. ಬಾಗಿಲೊಂದು.

ಕಮೋಡುಗಳು ಬಂದವು. ಲಾರಿಯ ತುಂಬ, ಒಣಹುಲ್ಲಿನಲ್ಲಿ ಸುತ್ತಿಕೊಂಡು, ಬೆಳ್ಳಗೆ. ಊರಿನ ಬಾಸ್ಕೆಟ್‌ಬಾಲ್ ಅಂಗಳದ ಒಂದು ಬದಿಯಲ್ಲಿ ಅವನ್ನು ಪೇರಿಸಿಟ್ಟು ಮೇಲೆ ನೀಲಿ ತಾಡಪಾಲು ಹೊದಿಸಿದರು. ಮೇಲಿನಿಂದ ದೊಡ್ಡ ಮನುಷ್ಯರೊಬ್ಬರು ಬಂದು ಕೈಯಾರೆ ಹಂಚುವವರೆಗೆ ಮುಟ್ಟುವ ಹಾಗಿಲ್ಲ ಅಂತ ನಮ್ಮೂರಿನ ಮುಖ್ಯಸ್ಥ ಕಪಿತಾನ್ ಉಲ್ಪಿಯಾನೋ ಅಪ್ಪಣೆ ಮಾಡಿದ. ಕೂರಲಾರದ, ಏಳಲಾರದ ಮುದುಕರಿಗೆ ಮಾತ್ರ ಕಮೋಡು. ಅಂಥವರು ಯಾರು ಅಂತ ಮನೆಮನೆಗೆ ಹೋಗಿ ನೋಡುವ ಕೆಲಸ ಊರಿನ ಆರೋಗ್ಯ ಕಾರ್ಯಕರ್ತೆ ರೊಸೆಂದಾಗೆ ಬಿತ್ತು.

ರೊಸೆಂದಾ ಬರುವ ದಿನ ನಾನು ಲೋಲಾಗೆ ಹೇಳಿದ್ದೆ. ನೀನು ಚಾಪೆ ಬಿಟ್ಟು ಏಳಬೇಡ, ಊರುಗೋಲನ್ನು ಎದುರಿಗೇ ಇಟ್ಟುಕೊ, ಕೇಳಿದ್ದಕ್ಕೆಲ್ಲ ಆಗಲ್ಲ ಅನ್ನು. ಆಯ್ತು ಅಂದಳು. ಆದರೆ ನಮ್ಮಲ್ಲಿ ಬಾಗಿಲಿಗೆ ಬಂದವರ ಮುಂದೆ ಮನೆಯವಳು ಮಲಗಿಕೊಂಡಿರುವುದುಂಟೇ? ಹೆಣ ಮಾತ್ರ ಹಾಗೆ ಮಲಗಿರುತ್ತದೆ. ಕಂಬಗಳ ಮೇಲೆ ನಿಂತ ಮನೆಯ ಏಣಿಯ ಕೆಳಗೆ ರೊಸೆಂದಾಳ ದನಿ ಕೇಳಿದ್ದೇ ತಡ, ಈ ಮುದುಕಿ ಊರುಗೋಲನ್ನು ನೀರಿನ ಗಡಿಗೆಯ ಹಿಂದೆ ತೂರಿಸಿ, ತಲೆ ಬಾಚಿಕೊಂಡು, ಎದ್ದು ನಿಂತುಬಿಟ್ಟಳು. ಮಣೆಯನ್ನು ಲಂಗದ ಅಂಚಿನಲ್ಲಿ ಒರೆಸಿ ಹಾಕಿದಳು. ಊಟ ಆಯ್ತಾ ಅಂದಳು. ರೊಸೆಂದಾಳ ಜೊತೆ ಕೊಡೆ ಹಿಡಿದುಕೊಂಡು ಪಂಚಾಯಿತಿಯ ಗಂಡಸೊಬ್ಬ ಬೇರೆ ಬಂದಿದ್ದ. ಗಂಡಸಿನೆದುರು ಕಕ್ಕಸಿನ ಮಾತು ಎತ್ತುವುದು ಹೇಗೆ?

ಕಕ್ಕಸಿಗೆ ಹೋಗೋದು ಕಷ್ಟವೇ ಅಂತ ರೊಸೆಂದಾ ಕೇಳಿದಳು. ಲೋಲಾ ನೆಲ ನೋಡುತ್ತ, “ಅಯ್ಯೋ ಇಲ್ಲಮ್ಮ, ಹೋಗ್ತೀನಿ, ಬರ್ತೀನಿ” ಅಂದಳು.

ನಾನು ನಡುವೆ ಬಾಯಿ ಹಾಕಿದೆ. ಲೋಲಾ ನನ್ನ ಕಡೆ ಹೇಗೆ ನೋಡಿದಳೆಂದರೆ ನಾನು ಮಾತನ್ನು ಅರ್ಧಕ್ಕೇ ಬಿಟ್ಟು ಹಿಂದೆ ಸರಿದೆ. ಹೊರಡುವಾಗ ಬರಿಗೈಲಿ ಕಳಿಸುವುದುಂಟೇ ಅಂತ, ಗಿನಾಮೋಸಿನ ಒಂದು ಜಾಡಿಯನ್ನು ಸೊಂಟಕ್ಕೆ ಒತ್ತಿಕೊಂಡು ತಾನೇ ಏಣಿ ಇಳಿದು ರೊಸೆಂದಾಳ ಕೈಗಿತ್ತಳು. ಅವರ ಬೆನ್ನು ಮರೆಯಾದ ಮೇಲೆ ಏಣಿಯ ಬುಡದಲ್ಲೇ ಕುಸಿದಳು. ಎತ್ತಿ ಒಳಗೆ ಮಲಗಿಸಿದೆ. ಅವಳು ಮತ್ತೆ ಎದ್ದು ಓಡಾಡಲು ದಿನಗಳೇ ಬೇಕಾದವು.

ನಾನು ರೊಸೆಂದಾಳ ಮನೆಗೆ ಹೋಗಿ ಆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಆಕೆ ಊಟಕ್ಕೆ ಕೂತಿದ್ದಳು. ಅದೇ ಜಾಡಿ ಮುಂದಿತ್ತು. ಬೆರಳನ್ನು ಜಾಡಿಗೆ ಅದ್ದಿ, ಚೀಪಿ, ಮತ್ತೆ ಅದ್ದುತ್ತ ಹೇಳಿದಳು. “ನಾನೇ ಕಣ್ಣಾರೆ ನೋಡಿದೀನಿ. ಜಾಡಿ ಹೊತ್ಕೊಂಡು ಏಣಿ ಇಳಿದ್ರು. ನನ್ನ ಕೈಲೇ ಆಗಲ್ಲ ಅದು. ಗಟ್ಟಿ ಮುದುಕಿ ಕಣೇ ನಿಮ್ಮ ಲೋಲಾ.”

ಅವಳ ಗಲ್ಲಕ್ಕೆ ಗಿನಾಮೋಸಿನ ಕೆಂಪು ರಸ ಇಳಿಯುತ್ತಿತ್ತು. ಹುಟ್ಟಿದಂದಿನಿಂದ ಇಷ್ಟಪಟ್ಟು ತಿಂದ ಪದಾರ್ಥದ ಮೇಲೆ ಅವತ್ತು ಮೊದಲ ಸಲ ನನಗೆ ಅಸಹ್ಯ ಹುಟ್ಟಿತು.

ಇಷ್ಟಕ್ಕೇ ಮುಗಿದಿದ್ದರೆ ಹೇಗೋ ಏನೋ. ಅದೇ ಹೊತ್ತಿಗೆ ಹಿರಿಯರ ವಾರ ಬಂತು. ದೊಡ್ಡ ಗಾಳಿಯಲ್ಲಿ ಬಿದ್ದೂ ಮತ್ತೆ ಎದ್ದು ನಿಂತ ಒಬ್ಬ ಹಿರಿಯರನ್ನು ಪ್ರತಿ ಊರೂ ಆರಿಸಿ ಕೊಡಬೇಕು ಅಂತ ಮೇಲಿನಿಂದ ಅಪ್ಪಣೆ ಬಂದಿತಂತೆ. ಅದಕ್ಕೊಂದು ಇಂಗ್ಲಿಷ್ ಮಾತಿತ್ತು. ಕಪಿತಾನ್ ಅದನ್ನು ನಾಲಿಗೆ ಮೇಲೆ ಅತ್ತಿತ್ತ ಹೊರಳಿಸಿ, ನಮ್ಮ ಭಾಷೆಯಲ್ಲಿ ಏನು ಅನ್ನುವುದೆಂದು ತಿಳಿಯದೆ, ಕೊನೆಗೆ ಕಂಬಕ್ಕೂ ಹಗ್ಗಕ್ಕೂ ಅನ್ನುವ ಆ ಮಾತನ್ನೇ ಎತ್ತಿಕೊಂಡ. ಕನ್‌ಹಾಂಗಿನ್‌ನ ಅತಿ ಗಟ್ಟಿ ಅಜ್ಜಿ, ಲೋಲಾ ಮೇರಾಯ್. ಹೊಳೆಯುವ ಬಟ್ಟೆಯಲ್ಲಿ ಹೆಗಲಪಟ್ಟಿ ಹೊಲಿಸಿದ.

ನಾನು ಅವನ ಹತ್ತಿರವೂ ಹೋದೆ. ಹಲ್ಲಿನ ಸಂದಿಗೆ ಕಡ್ಡಿ ಹಾಕುತ್ತ ಜಗಲಿಯಲ್ಲಿ ಕೂತಿದ್ದ. ಅವನು ಹುಟ್ಟಿದಾಗ ಹೊಕ್ಕುಳ ಬಳ್ಳಿ ಕತ್ತರಿಸಿದವಳು ಲೋಲಾ. ಅದನ್ನೂ ನೆನಪಿಸಿದೆ. ಪಟ್ಟಿ ಬೇಡ, ಆ ನೀಲಿ ತಾಡಪಾಲಿನ ಕೆಳಗಿರೋದರಲ್ಲಿ ಒಂದು ಕೊಡು ಅಂದೆ. ಕಡ್ಡಿಯ ತುದಿಗೆ ಸಿಕ್ಕಿದ ಮಾಂಸದ ಎಳೆಯನ್ನು ನೋಡಿ, ಮತ್ತೆ ಬಾಯಿಗೆ ಹಾಕಿಕೊಂಡು ಹೇಳಿದ.

“ನಿಂಗೆ ಅರ್ಥ ಆಗ್ತಿಲ್ಲ. ಒಂದು ಕೈಲಿ ಗಟ್ಟಿ ಅಂತ ಪಟ್ಟ ಕಟ್ಟಿ ಇನ್ನೊಂದು ಕೈಲಿ ಕಮೋಡ್ ಕೊಟ್ರೆ ಜನ ನಗಲ್ವಾ? ಗಟ್ಟಿ ಇರೋರಿಗೆ ಕಮೋಡ್ ಯಾಕೆ ಅಂತ ಕೇಳ್ತಾರೆ.”

ಲೋಲಾಗೆ ಇದನ್ನು ಹೇಳಿದೆ. ಪೆಟ್ರಾ ಇದ್ದಿದ್ದರೆ ಅವಳ ಕತ್ತಿಗೆ ಹಾಕಬಹುದಾಗಿತ್ತು ಆ ಪಟ್ಟಿ, ಅವಳಿಗೆ ಒಪ್ಪುತ್ತಿತ್ತು ಅಂದಳು. ಹಿರಿಯರ ವಾರದ ಸಮಾರಂಭಕ್ಕೆ ಹೋಗುವುದು ಬೇಡ ಅಂದೆ. ಊಟಕ್ಕೆ ಕರೆದ ಮೇಲೆ ಹೋಗದಿರುವುದು ಹೇಗೆ ಅಂದಳು. ಅದೊಂದು ರೋಗ ನಮ್ಮೂರಿನವರಿಗೆ. ಕರೆದವರ ಮುಖ ಬಾಡಬಾರದು ಅಂತ ನಮ್ಮ ಮುಖವನ್ನು ಎಲ್ಲಿ ಬೇಕಾದರೂ ಅದ್ದಿಬಿಡುತ್ತೇವೆ.

ಹಿಂದಿನ ದಿನದಿಂದಲೇ ಅವಳು ಬಾಯಿಗೆ ಏನೂ ಹಾಕಲಿಲ್ಲ. ಬೆಳಗ್ಗೆ ನಾನೂ ಮೀನುಗಾರ ಸಾಬಾಸಣ್ಣನೂ ಅವಳನ್ನು ನಡುವೆ ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋದೆವು. ಕಮೋಡುಗಳ ರಾಶಿಯ ಮುಂದೆಯೇ ವೇದಿಕೆ ಹಾಕಿ, ಅದು ಕಾಣದ ಹಾಗೆ ದೊಡ್ಡದೊಂದು ಬಣ್ಣದ ಬಟ್ಟೆ ಕಟ್ಟಿದ್ದರು. ಬಟ್ಟೆಯ ಮೇಲೆ ಕಪಿತಾನನ ಮುಖ, ಅದರ ಮೂಲೆಯಲ್ಲಿ ಲೋಲಾಳ ಮುಖ. ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೆಗಲಪಟ್ಟಿ ಹಾಕಿದರು. ಪಟ್ಟಣದ ಅತಿಥಿಗಳು ಈಗ ಬರುತ್ತಾರೆ, ಈಗ ಬರುತ್ತಾರೆ ಅಂತ ಕಾದೆವು. ಬಿಸಿಲೇರಿತು. ಹುರಿದ ಹಂದಿಯ ಮೇಲೆ ಎಣ್ಣೆ ಹೆಪ್ಪುಗಟ್ಟಿ ಬೆಳ್ಳಗಾಯಿತು, ಅದರ ಬಾಯಿಯೊಳಗೆ ನೊಣ ಹೋಗಿ ಬಂದು ಮಾಡುತ್ತಿದ್ದವು.

ಅತಿಥಿಗಳು ಬಂದರು. ಕ್ಯಾಮರಾದವನೊಬ್ಬ, ಮೈಕಿನವನೊಬ್ಬ, ಅವರಿಗೆಲ್ಲ ಯಜಮಾನಿಯಂತಿದ್ದ ಎಳೆಯ ಹುಡುಗಿಯೊಬ್ಬಳು. ಹುಡುಗಿ ಒಳ್ಳೆಯವಳಂತೆಯೇ ಕಂಡಳು. ಲೋಲಾಳ ಕೈಯನ್ನು ಹಿಡಿದು ತನ್ನ ಹಣೆಗೊತ್ತಿಕೊಂಡು ಆಶೀರ್ವಾದ ಬೇಡಿದಳು. ಕ್ಯಾಮರಾ ಆ ಕಡೆ ತಿರುಗಿದೊಡನೆ ಚೀಲದಿಂದ ಪುಟ್ಟ ಬಾಟಲಿ ತೆಗೆದು ಕೈಗೂ ಹಣೆಗೂ ಔಷಧಿ ಸವರಿಕೊಂಡಳು. ಲೋಲಾ ಅದನ್ನು ನೋಡಿದಳು. ನೋಡಿ, ಆ ಕೈಯನ್ನು ಮಡಿಲಲ್ಲಿ ಇನ್ನೊಂದು ಕೈಯ ಕೆಳಗೆ ಮುಚ್ಚಿಟ್ಟುಕೊಂಡಳು.

ಫೋಟೋಗೆ ಚೆನ್ನಾಗಿರುತ್ತದೆ ಅಂತ ಅವಳ ಕೈಗೊಂದು ಎಳನೀರು ಕೊಟ್ಟು ಕುಡಿಯಿರಿ ಅಂದರು. ಬೇಡ ಅಂದಳು. ಒಂದೇ ಗುಟುಕು ಲೋಲಾ ಅಂತ ಕಪಿತಾನ್ ಜುಲುಮೆ ಮಾಡಿದ. ಕುಡಿದಳು. ಬೆಳಕು ಸರಿ ಬರಲಿಲ್ಲ ಅಂತ ಇನ್ನೊಮ್ಮೆ ಕುಡಿಸಿದರು. ಆಮೇಲೆ ನಗುತ್ತ ಕುಡಿಯಲು ಹೇಳಿದರು.

ಆಮೇಲೆ ಮೈಕನ್ನು ಅವಳ ಬಾಯಿಗೆ ಹಿಡಿದು ಹುಡುಗಿ ಕೇಳಿದಳು. “ಲೋಲಾ, ಇಷ್ಟು ವಯಸ್ಸಾದ್ರೂ, ಇಷ್ಟೆಲ್ಲಾ ಕಳ್ಕೊಂಡ್ರೂ ಹೀಗೆ ನಿಂತಿದೀರಲ್ಲ. ನಿಮ್ಮ ಗುಟ್ಟೇನು?”

ಲೋಲಾಳ ಎರಡೂ ಮೊಣಕಾಲು ಒಂದಕ್ಕೊಂದು ಒತ್ತಿಕೊಂಡಿದ್ದವು. ಕುರ್ಚಿಯ ತೋಳನ್ನು ಹಿಡಿದ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು.

“ತಡ್ಕೊಳ್ಳೋದು” ಅಂದಳು.

“ಏನನ್ನ ಲೋಲಾ?”

“ಎಲ್ಲಾನೂ. ಬೆಳಗ್ಗೆಯಿಂದ ತಡ್ಕೊಂಡೇ ಇದೀನಿ.”

ಅಂಗಳದ ತುಂಬ ಚಪ್ಪಾಳೆ. ಹುಡುಗಿಯ ಕಣ್ಣು ತುಂಬಿ ಬಂತು. ಕಪಿತಾನ್ ಎದೆಯ ಮೇಲೆ ಕೈಯಿಟ್ಟುಕೊಂಡ. ಆ ಗದ್ದಲದಲ್ಲಿ ಲೋಲಾ ನನ್ನ ಕಡೆ ಕತ್ತು ಹೊರಳಿಸಿ, ತುಟಿ ಮಾತ್ರ ಆಡಿಸಿ ಹೇಳಿದಳು. “ಇಂದಾಯ್, ಇನ್ನಾಗಲ್ಲ.”

ದಂಡೆಯ ತುದಿಯ ಗೂಡಿಗೆ ಅವಳು ನಡೆದುಹೋಗುವ ಮಾತೇ ಇಲ್ಲ. ಅಂಗಳಕ್ಕೆ ಎದುರಾಗಿಯೇ ಕಪಿತಾನನ ಮನೆ. ಅವನ ಮನೆಯಲ್ಲಿ ಗೋಡೆಗೂ ನೆಲಕ್ಕೂ ಹೂವಿನ ಚಿತ್ರದ ಟೈಲ್ಸ್ ಹಾಕಿದ ಕಕ್ಕಸಿದೆ, ಗಾಳಿಯಾದ ಮೇಲೆ ಊರಿನಲ್ಲಿ ಮೊದಲು ಎದ್ದು ನಿಂತದ್ದು ಅದೇ. ನಾನು ಓಡಿಹೋಗಿ ಅವನ ಕಿವಿಯಲ್ಲಿ ಹೇಳಿದೆ. ಅವನು ಕ್ಯಾಮರಾದ ಕಡೆಗಿಟ್ಟ ನಗುವನ್ನು ಒಂದಿಷ್ಟೂ ಕೆಡಿಸಿಕೊಳ್ಳದೆ, ಅತಿಥಿಗಳು ಇನ್ನೇನು ಕೈಕಾಲು ತೊಳೆಯಲು ಒಳಗೆ ಹೋಗುತ್ತಾರೆ, ಈಗ ಇವಳು ಹೋದರೆ ಚೆನ್ನಾಗಿರುವುದಿಲ್ಲ ಅಂದ. ಆಮೇಲೆ ಲೋಲಾಳ ಕಡೆಗೆ ಬಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದ.

“ಇನ್ನೊಂಚೂರು ತಡ್ಕೊಳ್ಳಿ ಲೋಲಾ. ನಿಮಗೇನು, ಗಟ್ಟಿ ಇದೀರ.”

ಅವನ ಬಾಯಿಂದ ಹಂದಿಯ ಕೊಬ್ಬಿನ ವಾಸನೆಯೂ ಅತ್ತರಿನ ವಾಸನೆಯೂ ಒಟ್ಟಿಗೆ ಬಂತು. ನಾನು ಅವನ ಮುಖಕ್ಕೆ ಉಗುಳದಿದ್ದುದು ಹೇಗೋ ನನಗೆ ಗೊತ್ತಿಲ್ಲ. ಲೋಲಾಳನ್ನು ಕಂಕುಳಿಗೆ ಕೈಕೊಟ್ಟು ಎಬ್ಬಿಸಿದೆ. ಆ ಬಣ್ಣದ ಬಟ್ಟೆಯ ಹಿಂದಕ್ಕೆ ಅವಳನ್ನು ಅರ್ಧ ನಡೆಸುತ್ತ ಅರ್ಧ ಎಳೆಯುತ್ತ ಹೋದೆ. ನೀಲಿ ತಾಡಪಾಲನ್ನು ಕಿತ್ತೆ. ಒಂದು ಕಮೋಡಿನ ಹುಲ್ಲನ್ನು ಕೆದರಿದೆ. ಕೂರು ಅಂದೆ. ಬೇಡ ಇಂದಾಯ್, ಜನ ಇದಾರೆ, ಬೇಡ ಅಂದಳು. ಅನ್ನುತ್ತಿರುವಾಗಲೇ ಅವಳ ಕಾಲ ಮೇಲೆ ಇಳಿಯತೊಡಗಿತ್ತು. ಕೂರಿಸಿದೆ. ಹೆಗಲಪಟ್ಟಿ ಕೆಳಗೆ ಜೋತುಬೀಳದಂತೆ ಎತ್ತಿ ಹಿಡಿದು, ತಾಡಪಾಲನ್ನು ಅವಳ ಸುತ್ತ ಗುಡಾರದಂತೆ ಹಿಡಿದು ನಿಂತೆ.

ಅದು ನೀರಿಗಾಗಲಿ ಗುಂಡಿಗಾಗಲಿ ಸೇರಿಸಿದ ಕಮೋಡಲ್ಲ. ಒಳಗೆ ಬಿದ್ದುದು ಹಿಂದಿನ ತೂತಿನಿಂದ ಹೊರಗೆ ಬಂತು. ಅಂಗಳದ ಸಿಮೆಂಟು ವೇದಿಕೆಯ ಕಡೆಗೇ ಇಳಿಜಾರು. ಎಷ್ಟು ದಿನಗಳದ್ದು ಅದು, ಕಪ್ಪಗೆ, ನಾರುತ್ತ, ಬಟ್ಟೆಯ ಕೆಳಗಿನಿಂದ ಹರಿದು ಮುಂಭಾಗಕ್ಕೆ ಹೋಯಿತು. ಮೊದಲು ಮೈಕಿನವನ ಮಾತು ನಿಂತಿತು. ಆಮೇಲೆ ಕುರ್ಚಿಗಳು ಸರಿದ ಸದ್ದು. ಪಟ್ಟಣದ ಹುಡುಗಿ ಎರಡೂ ಕಾಲನ್ನು ಮೇಲಕ್ಕೆತ್ತಿ ಕೂತಳಂತೆ. ಯಾರೋ ಬಟ್ಟೆ ಸರಿಸಿದರು.

ಕಪಿತಾನ್ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಒಳಗೆ ಬಂದ. ಅವನು ಮೊದಲು ನೋಡಿದ್ದು ಲೋಲಾಳನ್ನಲ್ಲ, ಕಮೋಡನ್ನು. “ಥೂ, ಇನ್ನಿದನ್ನ ಯಾರಿಗೆ ಕೊಡೋದು? ಯಾರು ಮುಟ್ತಾರೆ ಇದನ್ನ?”

“ನಾವು ಮುಟ್ತೀವಿ” ಅಂದ ಹಿಂದಿನಿಂದ ಸಾಬಾಸಣ್ಣ. “ನಾವೇ ಒಯ್ತೀವಿ ಬಿಡಿ.”

“ಒಯ್ಯಿರಿ. ಮೊದಲು ಕಣ್ಣೆದುರಿಂದ ತೆಗೀರಿ” ಅಂದ ಕಪಿತಾನ್.

ಲೋಲಾ ಇದನ್ನು ಕೇಳಿಸಿಕೊಂಡಳೋ ಇಲ್ಲವೋ. ಅವಳ ಕೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. “ಒಂದು ಬಟ್ಟೆ ಕೊಡು, ಒರೆಸಿಬಿಡ್ತೀನಿ” ಅಂದಳು. ಮತ್ತೆ ಮತ್ತೆ ಅದನ್ನೇ ಅಂದಳು. ಅಂದು, ಆ ಸಿಮೆಂಟಿನ ಮೇಲೆ ಮೊಣಕಾಲೂರಲು ಬಗ್ಗಿದಳು. ಮೊಣಕಾಲು ಮಡಚಲಿಲ್ಲ. ನಾನು ಅವಳನ್ನು ಸಾಬಾಸಣ್ಣನ ತೋಳಿಗೆ ಒರಗಿಸಿ, ಹೊಳೆಯುವ ಆ ಹೆಗಲಪಟ್ಟಿಯನ್ನು ಕಿತ್ತು ಅದರಿಂದಲೇ ನೆಲ ಬಳಿದೆ. ಒಳ್ಳೆಯ ಬಟ್ಟೆಯಲ್ಲ ಅದು, ನೀರು ಹೀರುವುದೇ ಇಲ್ಲ. ಕೊಳೆಯನ್ನು ಅತ್ತಿಂದಿತ್ತ ಸವರಿತಷ್ಟೇ.

ಆಮೇಲಿನದು ಊರವರು ನಗುತ್ತ ಹೇಳುವ ಕತೆ. ಸಂಜೆಯೊಳಗೆ ಊರಲ್ಲಿ ಅದು ಬೇರೆಯೇ ಆಗಿತ್ತು. ಲೋಲಾ ಮೇರಾಯ್ ಬೇಕಂತಲೇ ಮಾಡಿದಳಂತೆ. ಎಂಜಲು ಮಾಡಿದರೆ ತಟ್ಟೆ ತನಗೇ ಬರುತ್ತದೆ ಅಂತ ಲೆಕ್ಕ ಹಾಕಿಯೇ ಎಳನೀರು ಕುಡಿದಳಂತೆ. ಹೆಂಡದಂಗಡಿಯಲ್ಲಿ ಗಂಡಸರು ತೊಡೆ ತಟ್ಟಿಕೊಂಡು ನಕ್ಕರು. ದಾರಿಯಲ್ಲಿ ಸಿಕ್ಕ ಹೆಂಗಸರು ಎಂಥ ತಲೆ ಲೋಲಾ ನಿಂದು, ಎಂಥ ಎದೆ ಅಂತ ಬೆನ್ನು ಸವರಿದರು. ಅವಳು ಒಂದೆರಡು ಸಲ ಹೇಳಿ ನೋಡಿದಳು. “ಬೇಕಂತ ಅಲ್ಲಮ್ಮ. ಜಾರಿಹೋಯ್ತು.” ಅವರು ಕಣ್ಣು ಮಿಟುಕಿಸಿದರು. ಆಮೇಲೆ ಹೇಳುವುದನ್ನು ಬಿಟ್ಟಳು. ಒಬ್ಬ ಮುದುಕಿಗೆ ಬರಿದೇ ಸೋತುಹೋಗುವುದಕ್ಕೂ ಈ ಊರಿನಲ್ಲಿ ಜಾಗವಿಲ್ಲ. ಬಿದ್ದರೂ ಅದೊಂದು ಪಟ್ಟು ಅನ್ನುತ್ತಾರೆ.

ಪಟ್ಟಣದಿಂದ ಭಿತ್ತಿಪತ್ರವೂ ಬಂತು. ಆಗಿನ ಫೋಟೋ, ಎಳನೀರು ಹಿಡಿದುಕೊಂಡು ನಗುತ್ತಿರುವುದು. ಕೆಳಗೆ ದೊಡ್ಡ ಅಕ್ಷರದಲ್ಲಿ ‘ತಡೆದುಕೊಳ್ಳುವುದೇ ನನ್ನ ಬಲ’ ಅಂತ. ರೊಸೆಂದಾ ಅದನ್ನು ಆರೋಗ್ಯ ಕೇಂದ್ರದ ಗೋಡೆಗೆ ಅಂಟಿಸಿದಳು. ಮಿಕ್ಕ ಒಂದನ್ನು ಹಾಳು ಮಾಡುವುದೇಕೆ ಅಂತ ದಂಡೆಯ ಗೂಡಿನ ತಗಡಿಗೂ ಅಂಟಿಸಿದಳು. ಹಸಿರು ನೊಣಗಳು ಆ ನಗುವಿನ ಮೇಲೂ ಕೂತವು. ನಾನು ಹೋಗಿ ಉಗುರಿನಿಂದ ಕೆರೆದು ತೆಗೆದೆ, ಹಲ್ಲಿನ ಭಾಗ ಮಾತ್ರ ಬಿಡಲಿಲ್ಲ, ಈಗಲೂ ಇದೆ.

ಕಮೋಡನ್ನು ಸಾಬಾಸಣ್ಣನೂ ನಾನೂ ಬಿದಿರಿಗೆ ಕಟ್ಟಿ ಹೆಗಲ ಮೇಲೆ ಹೊತ್ತು ತಂದೆವು. ಬೇರೆ ಯಾರೂ ಕೈಹಚ್ಚಲಿಲ್ಲ. ಊರಮಂದಿಯೆಲ್ಲ ಸೇರಿ ಒಬ್ಬರ ಮನೆಯನ್ನೇ ಹೆಗಲಿಗೇರಿಸಿಕೊಂಡು ಬೇರೆ ಜಾಗಕ್ಕೆ ಹೊತ್ತೊಯ್ಯುವ ಜನ ನಾವು, ಅವತ್ತು ಎಲ್ಲರ ಹೆಗಲೂ ನೋಯುತ್ತಿತ್ತು. ಬೂದಿ ಹಾಕಿ ತಿಕ್ಕಿ ತೊಳೆದೆ. ಸಾಬಾಸಣ್ಣ ಲೋಲಾಳ ಮನೆಯ ಹಿಂದೆ, ಭರತದ ನೀರು ಮುಟ್ಟದ ಏರಿನಲ್ಲಿ ಗುಂಡಿ ತೋಡಿ, ಸಿಮೆಂಟಿನ ಬಳೆ ಇಳಿಸಿ, ಕಮೋಡನ್ನು ಕೂರಿಸಿದ. ನೀಪಾ ತಾಳೆಯ ಗರಿಯ ಗೋಡೆ ಹೆಣೆದ. ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಅಗುಳಿ ಮಾಡಿದ.

ಸಿಮೆಂಟು ಒಣಗಿದ ಬೆಳಗ್ಗೆ ಲೋಲಾ ಒಂದು ಚೊಂಬು ನೀರನ್ನು ನಿಂತಲ್ಲೇ ಗಟಗಟ ಕುಡಿದಳು. ಇನ್ನೊಂದನ್ನೂ ಕುಡಿದಳು. ಅನ್ನ ಉಂಡಳು. ಆಮೇಲೆ ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ನಾನು ಬಕೆಟಿನಲ್ಲಿ ನೀರು ತುಂಬಿ ಬಾಗಿಲ ಹೊರಗಿಟ್ಟು ನಿಂತೆ. ಬಹಳ ಹೊತ್ತಾಯಿತು. ಒಳಗಿನಿಂದ ಸದ್ದೇ ಇಲ್ಲ. ಬಾಗಿಲು ತಟ್ಟಿದೆ.

“ಲೋಲಾ, ಇದೀಯಾ?”

“ಇದೀನಿ.”

“ಎತ್ತಬೇಕಾ?”

“ಬೇಡ. ಯಾವಾಗಲೋ ಆಯ್ತು. ಸುಮ್ನೆ ಕೂತಿದೀನಿ.” ಮೂಗು ಸೀಟುವ ಸದ್ದಾಯಿತು. “ಪೆಟ್ರಾ ಹೋದಾಗಿನಿಂದ ಅತ್ತಿರಲಿಲ್ಲ ಇಂದಾಯ್. ಈಗ ಅಳ್ತಾ ಇದೀನಿ. ಹೊರಗಡೆ ಯಾರಾದ್ರೂ ಇದ್ರೆ ಕಳಿಸು. ನೀನೂ ಹೋಗು.”

ನಾನು ಬಕೆಟನ್ನು ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿಸಿಟ್ಟು ಹೊರಟುಬಂದೆ.